ಮುಂದಿನ ಸಾಲಿನ ಕುರ್ಚಿ

ಜಯನಗರ ಟಿ ಬ್ಲಾಕ್
18 ನವೆಂಬರ್ 2024

ಶ್ರೀಮತಿ ಸಿದ್ದಗಂಗಮ್ಮನವರಿಗೆ, ಗುರುತಿಲ್ಲದ ವಾರಿಜಾಳ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಿಮ್ಮ ಯಜಮಾನರಾದ ಏಕಾಂತಯ್ಯ ಮೇಷ್ಟ್ರು ನಮ್ಮ ಪಾರ್ಕಿನ ಪಕ್ಕದ ಹಾಲಿನಲ್ಲಿ ವಯಸ್ಸಾದವರಿಗೆ ಮಂಡಿನೋವಿನ ಕ್ಲಾಸು ನಡೆಸುತ್ತಿದ್ದರಲ್ಲ, ಅದರಲ್ಲಿ ನಾನೂ ಒಬ್ಬಳು. ಅಂಚೆ ಇಲಾಖೆಯಲ್ಲಿ ಕೌಂಟರಿನ ಹಿಂದೆ ಕೂತು ಕೂತು ಸೊಂಟ, ಮೊಹರು ಒತ್ತಿ ಒತ್ತಿ ಬೆರಳು, ಎರಡನ್ನೂ ಸರ್ಕಾರಕ್ಕೆ ಒಪ್ಪಿಸಿ ನಿವೃತ್ತಳಾದವಳು. ಮಂಡಿನೋವು ಮಾತ್ರ ನನ್ನ ಸ್ವಂತ ಸಂಪಾದನೆ.

ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ. ಸಾವಾದ ಮನೆಯಲ್ಲಿ ಫೋನ್ ಎತ್ತಲು ಮನಸ್ಸು ಬರುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಈ ಕಾಗದ. ಕಾಗದ ಯಾರನ್ನೂ ಅವಸರಪಡಿಸುವುದಿಲ್ಲ. ದಿನಾ ಒಂದಿಷ್ಟು ಕೈಯಲ್ಲಿ ಬರೆದರೆ ಬೆರಳು ಬಿಗಿಯುವುದಿಲ್ಲ ಎಂದು ನಮ್ಮ ಫಿಸಿಯೋ ಧೃತಿ ಬೇರೆ ಹೇಳಿದ್ದಾಳೆ. ಹಾಗಾಗಿ ಇದರಲ್ಲಿ ನನ್ನ ಸ್ವಾರ್ಥವೂ ಸೇರಿದೆ.

ವಿಷಯಕ್ಕೆ ಬರುತ್ತೇನೆ. ಹೋದ ಯುಗಾದಿಯ ಹೊತ್ತಿಗೆ ಮೇಷ್ಟ್ರು ತಿಪಟೂರಿಗೆ ಯಾವುದೋ ಮದುವೆಗೆ ಹೊರಟಿದ್ದರು. "ನಾನಿಲ್ಲದ ದಿನ ನೀವೆಲ್ಲ ಕಡ್ಲೆಪುರಿ ತಿಂದ್ಕೊಂಡು ಹರಟೆ ಹೊಡೀತೀರಿ, ಗೊತ್ತು ನಂಗೆ. ತೆಗೀರಿ ಫೋನು, ರೆಕಾರ್ಡ್ ಮಾಡ್ಕೊಳಿ" ಎಂದರು. ಅಂದಿನ ಇಡೀ ಕ್ಲಾಸನ್ನು ನನ್ನ ಫೋನಿನಲ್ಲಿ ತುಂಬಿಸಿಕೊಂಡೆ. ಶ್ರಾವಣದಲ್ಲಿ ಅವರು ಹೋಗಿಬಿಟ್ಟರು. ಕ್ಲಾಸು ನಿಲ್ಲುವುದರಲ್ಲಿತ್ತು. ಒಂದು ಬೆಳಿಗ್ಗೆ ನಾನು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆ ದನಿಯನ್ನು ಹಾಕಿದೆ. ಅಂದಿನಿಂದ ಮೇಷ್ಟ್ರೇ ನಮ್ಮ ಕ್ಲಾಸು ನಡೆಸುತ್ತಿದ್ದಾರೆ.

ನಿಜ ಹೇಳಬೇಕೆಂದರೆ, ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತದೆ. ಅಂದು ಹೊರಗಿನ ಮರದಲ್ಲಿ ಕೋಗಿಲೆ ಕೂಗುತ್ತಿತ್ತು. ಹಾಗಾಗಿ ಈ ಕಾರ್ತೀಕದ ಚಳಿಯಲ್ಲೂ ನಮ್ಮ ಹಾಲಿನಲ್ಲಿ ಕೋಗಿಲೆ ಕೂಗುತ್ತದೆ. ನಡುವೆ ಮೇಷ್ಟ್ರು ಕೆಮ್ಮುತ್ತಾರೆ, ನಾವೆಲ್ಲ ಆ ಕೆಮ್ಮು ಬರುವವರೆಗೆ ಕಾದು ಮುಂದೆ ಹೋಗುತ್ತೇವೆ. "ವಾರಿಜಮ್ಮ, ಬಾಯಿಗೆ ರಜ ಕೊಡಿ, ಮಂಡಿಗೆ ಕೆಲಸ ಕೊಡಿ" ಎಂದು ನನ್ನನ್ನು ಬೈಯುತ್ತಾರೆ. ಅಂದು ನಾನು ಮಾತಾಡುತ್ತಿದ್ದದ್ದು ನಿಜ. ಈಗ ತುಟಿ ಬಿಚ್ಚದೆ ಕೂತಿದ್ದರೂ ಅದೇ ಜಾಗದಲ್ಲಿ ಬೈಗುಳ ಬೀಳುತ್ತದೆ. ಬಿದ್ದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ. ಇನ್ನೊಂದು ಕಡೆ ನಾವೆಲ್ಲ ಕುರ್ಚಿಯಿಂದ ಎದ್ದು ನಿಂತ ಮೇಲೆ ಮೇಷ್ಟ್ರು ಸುಮ್ಮನಾಗಿಬಿಡುತ್ತಾರೆ. ಬಹಳ ಹೊತ್ತು ಮಾತೇ ಇಲ್ಲ, ಬರೀ ಕೋಗಿಲೆ. ಏಕೆಂದು ನಮಗೆ ಯಾರಿಗೂ ತಿಳಿದಿಲ್ಲ. ಹೊಸದಾಗಿ ಸೇರಿದ ಶಿವಬಸಮ್ಮ ಮೊದಲ ದಿನ ಕ್ಲಾಸು ಮುಗಿದ ಮೇಲೆ, "ಮೇಷ್ಟ್ರು ಯಾವ ರೂಮಲ್ಲಿದಾರೆ? ಒಂದ್ಸಲ ಮಾತಾಡ್ಸಿ ಹೋಗ್ತೀನಿ" ಎಂದರು.

ಅಂದೇ ನನಗೆ ಅನಿಸಿದ್ದು: ಆ ದನಿ ನಿಮ್ಮ ಮನೆಯದು, ನಿಮ್ಮನ್ನು ಕೇಳದೆ ಬಳಸುತ್ತಿದ್ದೇವೆ. ಮುಂದುವರಿಸಲು ನಿಮ್ಮ ಒಪ್ಪಿಗೆ ಬೇಕು. ನಿಮಗೂ ಕೇಳುವ ಮನಸ್ಸಿದ್ದರೆ ಗಿರಿನಗರಕ್ಕೆ ನಾನೇ ತಂದು ಕೇಳಿಸುತ್ತೇನೆ.

ಉತ್ತರ ನಿರೀಕ್ಷಿಸುವ,
ವಾರಿಜಾ


ಗಿರಿನಗರ
2 ಡಿಸೆಂಬರ್ 2024

ವಾರಿಜಾ ಅವರಿಗೆ ಶರಣು.

ನಿಮ್ಮ ಕಾಗದ ತಲುಪಿತು. ಜಯನಗರದಿಂದ ಗಿರಿನಗರಕ್ಕೆ ಬರಲು ಒಂದು ವಾರ ತೆಗೆದುಕೊಂಡಿದೆ. ಅದಕ್ಕೂ ನನ್ನ ಹಾಗೇ ಮಂಡಿನೋವಿರಬೇಕು.

ನನ್ನ ಒಪ್ಪಿಗೆ ಇಲ್ಲ. ಹೋದವರನ್ನು ಹೋಗಲು ಬಿಡಬೇಕು. ದಿನಾ ಕರೆದು ದುಡಿಸಬಾರದು. ದಯವಿಟ್ಟು ಆ ದನಿಯನ್ನು ಅಳಿಸಿಬಿಡಿ. ಅಳಿಸಿದ ಮೇಲೆ ಒಂದು ಸಾಲು ಬರೆದು ತಿಳಿಸಿ, ಸಾಕು. ಅರೆಕೆರೆಯಲ್ಲಿರುವ ಮಗಳು ಸಂಗೀತಾಳ ಹತ್ತಿರವೂ ಏನೇನೋ ವಿಡಿಯೋಗಳಿವೆ. ನನ್ನ ಎದುರಿಗೆ ಹಾಕಬೇಡ ಎಂದು ಅವಳಿಗೂ ಹೇಳಿದ್ದೇನೆ.

ಅವರು ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ. ನಿಮ್ಮಲ್ಲಿ ತಮಾಷೆ ಮಾಡುತ್ತಿದ್ದರು ಎಂದು ಓದಿದಾಗ ಬೇರೆ ಯಾರದೋ ಗಂಡನ ಸುದ್ದಿ ಎನಿಸಿತು.

ಇತಿ,
ಸಿದ್ದಗಂಗಮ್ಮ


ಜಯನಗರ ಟಿ ಬ್ಲಾಕ್
20 ಡಿಸೆಂಬರ್ 2024

ಸಿದ್ದಗಂಗಮ್ಮನವರೇ,

ನಿಮ್ಮ ಮಾತನ್ನು ಅರ್ಧ ನಡೆಸಿದ್ದೇನೆ. ದನಿ ಹಾಕುವುದನ್ನು ನಿಲ್ಲಿಸಿದ್ದೇನೆ. ಅಳಿಸಲು ಮಾತ್ರ ಕೈ ಬರಲಿಲ್ಲ. ಆ ಗುಂಡಿಯ ಮೇಲೆ ಬೆರಳಿಡುತ್ತೇನೆ, "ಖಂಡಿತವಾಗಿ ಅಳಿಸಬೇಕೆ?" ಎಂದು ಫೋನು ಕೇಳುತ್ತದೆ. ಖಂಡಿತ ಎನ್ನಲು ನಾನು ಯಾರು?

ಕ್ಲಾಸಿನ ಗತಿ ಹೇಳುತ್ತೇನೆ, ನಗಬೇಕೋ ಅಳಬೇಕೋ ನೀವೇ ನೋಡಿ. ಧೃತಿಗೆ ತನ್ನ ಕ್ಲಿನಿಕ್ಕಿನ ಕೆಲಸವಿದೆ, ಶನಿವಾರ ಮಾತ್ರ ಬರುತ್ತಾಳೆ. ಉಳಿದ ದಿನ ನನ್ನ ತಮ್ಮ ಸೀನು ಎಣಿಸಲು ನಿಂತ. ರೈಲು ಹಿಡಿಯುವವನ ಹಾಗೆ ಅವನು ಎಣಿಸಿದ, ಅರ್ಧ ಜನ ಕಾಲೆತ್ತುವಷ್ಟರಲ್ಲಿ ಅವನದು ಮುಗಿದಿರುತ್ತಿತ್ತು. ಆಮೇಲೆ ನಾನು ನಿಂತೆ, ನಡುನಡುವೆ ಮಾತಿಗೆ ಬಿದ್ದು ಲೆಕ್ಕ ತಪ್ಪಿದೆ. ಶಿವಬಸಮ್ಮ ಬರುವುದನ್ನೇ ಬಿಟ್ಟರು. "ಚಳಿಗೆ ನೋವು ಜಾಸ್ತಿ, ಸ್ವಲ್ಪ ದಿನ ರೆಸ್ಟ್ ತಗೋತೀನಿ" ಎಂದರಂತೆ. ಮೇಷ್ಟ್ರು ಇದ್ದಿದ್ದರೆ ಅವರ ಮನೆ ಬಾಗಿಲಿಗೇ ಹೋಗಿ, "ರೆಸ್ಟ್ ಅನ್ನೋದು ಉಪ್ಪಿನಕಾಯಿ ಇದ್ದ ಹಾಗೆ ತಾಯಿ, ಅದನ್ನೇ ಊಟ ಮಾಡಕ್ಕಾಗಲ್ಲ" ಎನ್ನುತ್ತಿದ್ದರು.

ಇನ್ನೊಂದು ವಿಷಯ ಕೇಳಬೇಕಿತ್ತು. ಹಾಲಿನಲ್ಲಿ ನಮಗೆಲ್ಲ ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ಮಾತ್ರ ಒಂದು ಮರದ ಕುರ್ಚಿ ಇದೆ, ಬೆನ್ನಿನ ಮೇಲೆ ಸಣ್ಣ ಹೂವಿನ ಕೆತ್ತನೆಯದು. ಮೇಷ್ಟ್ರು ತಂದಿಟ್ಟದ್ದು. ಅದರ ನಾಲ್ಕೂ ಕಾಲಿನ ಕೆಳಗೆ ಮರದ ತುಂಡು ಹೊಡೆಸಿ ಎತ್ತರ ಮಾಡಿದ್ದಾರೆ. ಅದರಲ್ಲಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. "ಅದು ಆಗ್ಲೇ ಬುಕ್ ಆಗಿದೆ" ಎನ್ನುತ್ತಿದ್ದರು. ಒಮ್ಮೆ ಅವರು ಬರುವ ಮೊದಲೇ ನಾನು ಕದ್ದು ಕೂತು ನೋಡಿದೆ. ನಾನು ಕುಳ್ಳಿ, ಕಾಲು ನೆಲಕ್ಕೇ ತಾಗಲಿಲ್ಲ. ಅದು ನಿಮ್ಮ ಮನೆಯದೇ? ನಿಮ್ಮದಾದರೆ ಆಟೋದಲ್ಲಿ ಕಳಿಸಿಕೊಡುತ್ತೇನೆ. ಈಗಲೂ ಯಾರೂ ಅದರಲ್ಲಿ ಕೂರುವುದಿಲ್ಲ. ಕಸ ಗುಡಿಸುವಾಗ ಸರಿಸಿದರೂ ಅಲ್ಲೇ ತಂದಿಡುತ್ತೇವೆ.

ನಿಮ್ಮ,
ವಾರಿಜಾ


ಗಿರಿನಗರ
10 ಜನವರಿ 2025

ವಾರಿಜಾ ಅವರಿಗೆ,

ಕುರ್ಚಿ ನಮ್ಮದೇ. ಊಟದ ಮೇಜಿನದು, ತೇಗದ ಮರದ್ದು, ನಾನು ಕೂರುತ್ತಿದ್ದದ್ದು. "ಕಾಲು ಅಲ್ಲಾಡ್ತಿದೆ, ರಿಪೇರಿ ಮಾಡಿಸ್ಕೊಂಡು ಬರ್ತೀನಿ" ಎಂದು ಹೇಳಿ ಆಟೋದಲ್ಲಿ ಹಾಕಿಕೊಂಡು ಹೋದರು. ಕೇಳಿದಾಗಲೆಲ್ಲ ಬಡಗಿ ಊರಿಗೆ ಹೋಗಿದ್ದಾನೆ ಎನ್ನುತ್ತಿದ್ದರು. ಅಷ್ಟು ದಿನ ಊರಿನಲ್ಲಿರುವ ಬಡಗಿಯನ್ನು ನಾನು ಕಂಡಿಲ್ಲ. ಆದರೂ ಹೆಚ್ಚು ಕೆದಕಲಿಲ್ಲ. ನಮ್ಮ ನಡುವೆ ಕೆದಕುವುದು ನಿಂತುಹೋಗಿತ್ತು.

ಏಕೆ ಅಳಿಸಬೇಕೆಂದು ನೀವು ಕೇಳಿಲ್ಲ. ಕೇಳದಿದ್ದುದಕ್ಕೇ ಹೇಳುತ್ತೇನೆ.

ನನಗೆ ಮಂಡಿನೋವು ಶುರುವಾದಾಗ ಡ್ರಿಲ್ ಮೇಷ್ಟ್ರಾಗಿದ್ದ ಅವರಿಗೆ ಗೊತ್ತಿದ್ದ ಔಷಧ ಒಂದೇ. ಸ್ಕೂಲಿನ ವಿಶಲ್ಲನ್ನು ಕೊರಳಿಗೆ ಹಾಕಿಕೊಂಡು ನನ್ನಿಂದ ಬಸ್ಕಿ ಹೊಡೆಸಿದರು. ನಾನು ಕಿಟಕಿಯ ಸರಳು ಹಿಡಿದು ಕೂತು ಏಳಬೇಕು, ಅವರು ವಿಶಲ್ ಊದಬೇಕು. "ನೋವಾದ್ರೆ ಆಗ್ಲಿ ಗಂಗಾ, ಮೈ ಬಗ್ಗಬೇಕು" ಎನ್ನುತ್ತಿದ್ದರು. ಪಕ್ಕದ ಮನೆಯ ನೀಲಗಂಗಮ್ಮ ಕಾಂಪೌಂಡಿನ ಮೇಲಿಂದ ನೋಡಿ ನಕ್ಕಳು. ಒಂದು ವಾರದೊಳಗೆ ಮಂಡಿ ಕುಂಬಳಕಾಯಿಯ ಹಾಗೆ ಊದಿತು. "ನಾನೇನು ನಿಮ್ಮ ಸ್ಕೂಲ್ ಹುಡುಗೀನಾ? ಲಿಂಗದಾಣೆ, ಇನ್ನು ನನ್ನ ಮಂಡಿ ಸುದ್ದಿಗೆ ಬಂದ್ರೆ ನೋಡಿ" ಎಂದೆ. ಅವರು ವಿಶಲ್ ತೆಗೆದಿಟ್ಟರು. ಮಂಡಿಯ ಸುದ್ದಿಗೆ ಬರಲೇ ಇಲ್ಲ.

ಸವೆದ ಮಂಡಿಯನ್ನು ಉಳಿಸಿಕೊಳ್ಳಬೇಕೆಂದು ನಾನು ಕೂತೆ. ಕೂತಷ್ಟೂ ಏಳುವುದು ಕಷ್ಟವಾಯಿತು. ಮೊದಲು ಗುಡಿಗೆ ಹೋಗುವುದು ನಿಂತಿತು, ಆಮೇಲೆ ಗೇಟಿನವರೆಗೆ ಹೋಗುವುದು. ಅಷ್ಟರಲ್ಲಿ ಅವರು ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಜಯನಗರದ ಜನರ ಮಂಡಿ ರಿಪೇರಿಗೆ ಹೊರಟರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನೇ ಮುಖಕ್ಕೆ ಅಂದಿದ್ದೇನೆ. ಅವರು ಟವೆಲ್ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಶ್ರಾವಣ ಸೋಮವಾರ. ನಾನು ನಡುಮನೆಯಲ್ಲಿ ಕೂತು ಪೂಜೆಗೆ ಹೂ ಕಟ್ಟುತ್ತಿದ್ದೆ. ಅವರು ನಿಮ್ಮಲ್ಲಿಗೆ ಹೊರಡಲು ವರಾಂಡದಲ್ಲಿ ಶೂ ಹಾಕಿಕೊಳ್ಳುತ್ತಿದ್ದರು. "ಗಂಗಾ" ಎಂದರು. ಜೋರಾಗಿ ಅಲ್ಲ, ನೀರು ಕೇಳುವವರ ಹಾಗೆ. "ಬಂದೆ" ಎಂದೆ. ಕೈ ಊರಿ ಏಳಲು ನೋಡಿದೆ, ಆಗಲಿಲ್ಲ. ಮತ್ತೆ ನೋಡಿದೆ. ಬಂದೆ, ಬಂದೆ ಎಂದು ಹೇಳುತ್ತಲೇ ಇದ್ದೆ. ಗೋಡೆ ಹಿಡಿದು ವರಾಂಡಕ್ಕೆ ಬರುವಷ್ಟರಲ್ಲಿ ಅವರು ಕಂಬಕ್ಕೆ ಒರಗಿದ್ದರು. ಒಂದು ಶೂವಿನ ಲೇಸು ಕಟ್ಟಿತ್ತು. ಇನ್ನೊಂದರ ಲೇಸು ಕೈಯಲ್ಲೇ ಇತ್ತು.

ಪಕ್ಕದಲ್ಲೇ ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಕರೆದವರಿಗೆ ನಾನು ಹೋಗಿ ಮುಖ ತೋರಿಸಲಿಲ್ಲ.

ಈಗಲೂ ದಿನಾ ಆ ಹೊತ್ತಿಗೆ ವರಾಂಡದಿಂದ "ಗಂಗಾ" ಎಂದು ಕೇಳುತ್ತದೆ. ನನಗೆ ತಲೆ ಕೆಟ್ಟಿಲ್ಲ. ಅಲ್ಲಿ ಯಾರೂ ಇಲ್ಲ ಎಂಬುದು ಗೊತ್ತು. ಆದರೂ "ಬಂದೆ" ಎನ್ನುತ್ತೇನೆ, ಏಳುವುದಿಲ್ಲ. ಆ ಶೂಗಳು ಇನ್ನೂ ಅಲ್ಲೇ ಇವೆ. ಸಂಗೀತಾ ಎತ್ತಿಡಲು ಹೋದಾಗ ಅವಳ ಮೇಲೆ ರೇಗಿದೆ. ಒಂದು ದನಿಗೇ ನನ್ನಿಂದ ಉತ್ತರ ಕೊಡಲಾಗಿಲ್ಲ ವಾರಿಜಾ ಅವರೇ. ಎರಡನೆಯದು ಬೇಡ. ಅಳಿಸಿಬಿಡಿ.

ಸಿದ್ದಗಂಗಮ್ಮ


ಜಯನಗರ ಟಿ ಬ್ಲಾಕ್
21 ಜನವರಿ 2025

ಗಂಗಮ್ಮನವರೇ,

ನಿಮ್ಮ ಕಾಗದವನ್ನು ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಸೀನುವಿಗೆ ಗಾಬರಿಯಾಗಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದ.

ಅಳಿಸುತ್ತೇನೆ. ಇನ್ನು ನೆಪ ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲು ನಿಮಗೆ ತಲುಪಬೇಕಾದದ್ದು ಒಂದಿದೆ. ನಾನು ನಲವತ್ತು ವರ್ಷ ಬೇರೆಯವರಿಗೆ ಬಂದದ್ದನ್ನು ಅವರವರಿಗೆ ತಲುಪಿಸಿದವಳು. ವಿಳಾಸ ಸಿಕ್ಕ ಮೇಲೂ ಇಟ್ಟುಕೊಂಡು ಕೂರುವುದು ನನ್ನ ಕೈಲಾಗದು.

ನಿಮ್ಮ ಕಾಗದದ ವಿಶಲ್ ಸಂಗತಿಯನ್ನು ಧೃತಿಗೆ ಹೇಳಿದೆ. ಹೇಳಿದ್ದು ತಪ್ಪಾದರೆ ಕ್ಷಮಿಸಿ. ಅವಳು ಮೇಷ್ಟ್ರು ಮೊದಲ ಸಲ ತನ್ನ ಕ್ಲಿನಿಕ್ಕಿಗೆ ಬಂದ ದಿನದ ವಿಷಯ ಹೇಳಿದಳು. "ಎಲ್ಲಿ ನೋವು ಸಾರ್?" ಎಂದು ಇವಳು ಕೇಳಿದಳಂತೆ. ಅವರು ಜೇಬಿನಿಂದ ವಿಶಲ್ ತೆಗೆದು ಮೇಜಿನ ಮೇಲಿಟ್ಟು, "ನಂಗಲ್ಲಮ್ಮ, ಮನೇಲಿ. ಮೈ ಬಗ್ಗಿಸೋದು ನಂಗೊತ್ತು. ನೋಯದ ಹಾಗೆ ಏಳ್ಸೋದು ಗೊತ್ತಿಲ್ಲ. ಕಲಿಸ್ಕೊಡು" ಎಂದರಂತೆ. ಅವರನ್ನೇ ಕರೆದುಕೊಂಡು ಬನ್ನಿ ಎಂದಾಗ, "ಬರಲ್ಲ. ಕೆಡಿಸಿರೋನೇ ನಾನು. ಮೊದ್ಲು ನಾನು ಸರಿಯಾಗಿ ಕಲೀತೀನಿ, ಆಮೇಲೆ ಕರೀತೀನಿ" ಎಂದರಂತೆ. ಅವಳ ಕೈಕೆಳಗೆ ಎಷ್ಟೋ ತಿಂಗಳು ಕಲಿತು, ಆಮೇಲೆ ನಮ್ಮ ಮೇಲೆ ಪ್ರಯೋಗ ಶುರುಮಾಡಿದರು. ನಾವೆಲ್ಲ ಅಭ್ಯಾಸಕ್ಕೆ ಸಿಕ್ಕ ಮಂಡಿಗಳು, ಗಂಗಮ್ಮನವರೇ. ಅಸಲು ಮಂಡಿ ಗಿರಿನಗರದಲ್ಲಿತ್ತು. ನಮ್ಮ ಕ್ಲಾಸಿನಲ್ಲಿ ವಿಶಲ್ಲನ್ನು ಯಾರೂ ಒಂದು ದಿನವೂ ನೋಡಿಲ್ಲ.

ದನಿ ಬೇಡ ಎಂದಿದ್ದೀರಿ. ಶಾಯಿಗೆ ದನಿ ಇಲ್ಲ. ಆದ್ದರಿಂದ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಕೇಳುತ್ತ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಇದು ಕುರ್ಚಿಯಿಂದ ಏಳುವ ಭಾಗ:

"ಎಲ್ಲರೂ ಕುರ್ಚಿ ತುದಿಗೆ ಬನ್ನಿ. ಪಾದ ಸ್ವಲ್ಪ ಹಿಂದಕ್ಕೆ ಎಳ್ಕೊಳಿ. ಮೂಗು ಕಾಲ್ಬೆರಳ ಮೇಲಕ್ಕೆ ಬರೋ ಹಾಗೆ ಮುಂದಕ್ಕೆ ಬಾಗಿ. ಈಗ ಏಳಿ. ಕೈ ಊರ್ಬೇಕು ಅನ್ಸಿದ್ರೆ ಊರಿ, ನಾಚ್ಕೆ ಏನಿಲ್ಲ. ಸ್ವಲ್ಪ ನೋಯುತ್ತೆ. ನೋವು ಅಂದ್ರೆ ಮಂಡಿ ಮುರೀತು ಅಂತಲ್ಲ. ಬಹಳ ದಿನ ಬಾಗಿಲು ತೆಗೀದಿದ್ರೆ ಕಿರ್ ಅನ್ನಲ್ವಾ, ಹಾಗೆ. ನಾಳೆ ಬೆಳಿಗ್ಗೆ ಊದ್ಕೊಂಡಿದ್ರೆ ಇವತ್ತು ಜಾಸ್ತಿ ಆಯ್ತು ಅಂತ ಅರ್ಥ. ಆಗ ಕಮ್ಮಿ ಮಾಡಿ. ಬಿಡ್ಬೇಡಿ. ನೋವಾದ್ರೆ ಆಗ್ಲಿ ಅಂತ ಹಲ್ಲು ಕಚ್ಕೊಂಡು ಮಾಡೋದು ದಡ್ಡತನ. ನಾನು ಆ ದಡ್ಡತನ ಮಾಡಿ, ಮಾಡಿಸಿ ಆಗಿದೆ."

ಇಲ್ಲಿ ಕುರ್ಚಿಗಳ ಸದ್ದು. ಎಲ್ಲರೂ ಎದ್ದಿದ್ದೇವೆ. ಆಮೇಲೆ ಮೇಷ್ಟ್ರು:

"ಮುಂದಿನ ಕುರ್ಚಿಯವರು ಅವಸರ ಮಾಡ್ಬೇಡಿ."

ಇದು ಸೀನು: "ಅಲ್ಲಿ ಯಾರೂ ಇಲ್ವಲ್ಲ ಮೇಷ್ಟ್ರೇ!" ನಾವೆಲ್ಲ ನಗುತ್ತೇವೆ. ಆ ನಗುವಿನಲ್ಲಿ ನನ್ನದೂ ಕೇಳುತ್ತದೆ, ಈಗ ನಾಚಿಕೆಯಾಗುತ್ತದೆ.

ಮೇಷ್ಟ್ರು: "ಬರ್ತಾರೆ."

ಇದರ ನಂತರವೇ ನಾನು ಹೇಳಿದ್ದ ಆ ಮೌನ. ಅದನ್ನು ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ. ಪೆನ್ನು ಎತ್ತಿ ಕಾದೆ, ಅಷ್ಟೇ. ಅದು ಏನೆಂದು ನಿಮಗೇನಾದರೂ ತಿಳಿದೀತು. ಮೌನ ಮುಗಿದ ಮೇಲೆ ಅವರು ಮತ್ತೆ ಮಾತಾಡುತ್ತಾರೆ. ಅದನ್ನು ನಾನು ಬರೆಯುವುದಿಲ್ಲ. ಕಾಯದವರಿಗೆ ಆ ಮಾತು ಅರ್ಥವಾಗುವುದಿಲ್ಲ.

ಈಗ ಹೇಳಿ. ಅಳಿಸು ಎಂದು ನೀವು ಇನ್ನೊಂದು ಸಲ ಬರೆದರೆ, ಕಾಗದ ತಲುಪಿದ ಕೂಡಲೇ ಅಳಿಸುತ್ತೇನೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಇದರ ಜೊತೆ ಕಟ್ಟಿ ಕಳಿಸಿದ್ದೇನೆ. ತಡವಾಯಿತು, ಆದರೂ ಒಳ್ಳೆಯ ಮಾತಾಡೋಣ.

ನಿಮ್ಮ,
ವಾರಿಜಾ


ಗಿರಿನಗರ
24 ಫೆಬ್ರವರಿ 2025

ವಾರಿಜಮ್ಮನಿಗೆ,

ತಿಂಗಳಾದರೂ ಬರೆಯಲಿಲ್ಲ. ನೀವು ಪ್ರತಿದಿನ ಪೋಸ್ಟ್‌ಮ್ಯಾನ್ ದಾರಿ ಕಾದಿರಬೇಕು.

ನಿಮ್ಮ ಕಾಗದವನ್ನು ಮೊದಲು ಸಿಟ್ಟಿನಿಂದ ಮಡಿಸಿಟ್ಟೆ. ಆ ಸಿಟ್ಟು ನಿಮ್ಮ ಮೇಲಲ್ಲ. ಹೀಗೆಲ್ಲ ಕಲಿತವರು ಒಂದು ಸಂಜೆ ನನ್ನ ಹತ್ತಿರ ಕೂತು, "ಗಂಗಾ, ತಪ್ಪಾಯ್ತು, ಈಗ ಬೇರೆ ಥರ ಕಲ್ತಿದೀನಿ" ಎನ್ನಬಹುದಿತ್ತಲ್ಲ! ನಾನು ಬೈಯುತ್ತಿದ್ದೆ, ನಿಜ. ಬೈಸಿಕೊಳ್ಳಬಹುದಿತ್ತು. ಬೈಗುಳಕ್ಕೆ ಹೆದರಿ ಊರೆಲ್ಲ ಸುತ್ತಿ ಬರುವ ಗಂಡಸರನ್ನು ಏನೆನ್ನಬೇಕು? ಅಂದು ಬಹಳ ಅತ್ತೆ. ಅವರು ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಕಾಗದವನ್ನು ಮೇಜಿನ ಮೇಲಿಟ್ಟು, ಓದಿಕೊಂಡು, ಕುರ್ಚಿಯ ತುದಿಗೆ ಬಂದೆ. ಪಾದ ಹಿಂದಕ್ಕೆ, ಮೂಗು ಮುಂದಕ್ಕೆ. ದಿಂಬು ಹಾಕಿ ಎತ್ತರ ಮಾಡಿಕೊಂಡಿದ್ದೆ. ನೋಯಿತು. ಮಾರನೆಯ ದಿನ ಊದಿರಲಿಲ್ಲ. ಅಂದಿನಿಂದ ದಿನಾ ಮಾಡುತ್ತಿದ್ದೇನೆ. ಒಮ್ಮೆ ಜಾಸ್ತಿ ಮಾಡಿ ಊದಿತು, ಕಮ್ಮಿ ಮಾಡಿದೆ, ಬಿಡಲಿಲ್ಲ. ಈಗ ದಿಂಬು ಬೇಕಾಗುವುದಿಲ್ಲ. ಹೋದ ವಾರ ಗೇಟಿನವರೆಗೆ ಹೋಗಿ ಹಾಲಿನವನ ಕೈಯಿಂದಲೇ ಹಾಲು ತೆಗೆದುಕೊಂಡೆ. ನೀಲಗಂಗಮ್ಮ ಕಾಂಪೌಂಡಿನ ಮೇಲಿಂದ ನೋಡಿದಳು. ಈ ಸಲ ನಗಲಿಲ್ಲ.

ವರಾಂಡದ ಕರೆ ಇನ್ನೂ ಬರುತ್ತದೆ. ಈಗ "ಬಂದೆ" ಎಂದು ಎದ್ದು ಹೋಗುತ್ತೇನೆ. ಹೋಗಿ ನೋಡಿದರೆ ಶೂಗಳು ಮಾತ್ರ. ಇದು ಮೊದಲಿಗಿಂತ ಕಷ್ಟ ವಾರಿಜಮ್ಮ. ಏಳಲಾರದವಳಿಗೆ ನೆಪವಾದರೂ ಇತ್ತು. ಈಗ ಎದ್ದು ಹೋಗಿಯೂ ತಡವೇ ಆಗುತ್ತದೆ.

ಅಳಿಸಬೇಡಿ. ಕೇಳುತ್ತೇನೆ ಎಂದೂ ಹೇಳುತ್ತಿಲ್ಲ. ಕ್ಲಾಸಿನವರಿಗೆ ಬೇಕಿದ್ದರೆ ಹಾಕಿಕೊಳ್ಳಿ. ಶಿವಬಸಮ್ಮನವರು ಮನೆಯಲ್ಲಿ ಕೂತಿರುವುದು ಒಳ್ಳೆಯದಲ್ಲ. ಕೂತವಳು ಹೇಳುತ್ತಿದ್ದೇನೆ.

ಶರಣುಗಳೊಂದಿಗೆ,
ಸಿದ್ದಗಂಗಮ್ಮ


ಜಯನಗರ ಟಿ ಬ್ಲಾಕ್
17 ಮಾರ್ಚ್ 2025

ಗಂಗಮ್ಮನವರೇ,

ಮೇಷ್ಟ್ರು ಕೆಲಸಕ್ಕೆ ಮರಳಿದ್ದಾರೆ. ಶಿವಬಸಮ್ಮನೂ ಮರಳಿದ್ದಾರೆ. ನನಗೆ ಬೈಗುಳ ಯಥಾಪ್ರಕಾರ ಬೀಳುತ್ತಿದೆ.

ಒಂದೇ ಮಾತು. ಕುರ್ಚಿಯನ್ನು ಆಟೋದಲ್ಲಿ ಕಳಿಸಲೇ ಎಂದು ಕೇಳಿದ್ದೆ, ಆ ಮಾತನ್ನು ಹಿಂದೆಗೆದುಕೊಂಡಿದ್ದೇನೆ. ಅದು ಬುಕ್ ಆಗಿರುವ ಕುರ್ಚಿ. ಯುಗಾದಿಯ ಮಾರನೆಯ ದಿನವೂ ಕ್ಲಾಸು ಇದೆ. ಒರೆಸಿ ಇಟ್ಟಿರುತ್ತೇನೆ. ಬರಲೇಬೇಕೆಂದು ಇಲ್ಲ. ಒರೆಸುವುದಂತೂ ಒರೆಸುತ್ತೇನೆ.

ಪ್ರೀತಿಯಿಂದ,
ವಾರಿಜಾ


ಗಿರಿನಗರ
2 ಏಪ್ರಿಲ್ 2025

ವಾರಿಜಮ್ಮನಿಗೆ,

ಮೊನ್ನೆ ಕ್ಲಾಸು ಮುಗಿದ ಮೇಲೆ ನಿಮ್ಮ ಎದುರಿಗೆ ಬಾಯಿ ಬರಲಿಲ್ಲ. ನೀವು ಕೈ ಹಿಡಿದು ಏನೇನೋ ಕೇಳಿದಿರಿ, ನಾನು ತಲೆ ಆಡಿಸಿ ಸಂಗೀತಾಳ ಕಾರು ಹತ್ತಿಬಿಟ್ಟೆ. ಈಗ ಬರೆಯುತ್ತೇನೆ. ಮುಖ ನೋಡಿದ ಮೇಲೂ ನಮಗೆ ಕಾಗದವೇ ಸರಿ.

ನೀವು ಬರೆದದ್ದನ್ನು ಓದಿ ಕುಳ್ಳಿ ಎಂದುಕೊಂಡಿದ್ದೆ. ಇಷ್ಟು ಕುಳ್ಳಿ ಎಂದು ಗೊತ್ತಿರಲಿಲ್ಲ. ಆ ಕುರ್ಚಿಯಲ್ಲಿ ನಿಮ್ಮ ಕಾಲು ತೂಗಾಡಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಕೂತಾಗ ನನ್ನ ಎರಡು ಪಾದವೂ ನೆಲಕ್ಕೆ ಪೂರ್ತಿ ಕೂತವು. ನನ್ನ ಕಾಲಿನ ಅಳತೆಯನ್ನು ಅವರು ಯಾವಾಗ ತೆಗೆದರೋ ನನಗೆ ತಿಳಿಯದು.

ದನಿ ಶುರುವಾದಾಗ ಮೊದಲ ಮಾತಿಗೇ ಎದ್ದು ಹೊರಟುಬಿಡೋಣ ಎನಿಸಿತು. ಥಟ್ಟನೆ ಎದ್ದು ಹೋಗಲು ಬಂದಿದ್ದರೆ ನಾನು ಅಲ್ಲಿಗೆ ಬರುವ ಅಗತ್ಯವೇ ಇರಲಿಲ್ಲವಲ್ಲ. ಕೂತೇ ಇದ್ದೆ. ಕೆಮ್ಮು ಬಂತು. ಆ ಕೆಮ್ಮು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ನಿಮಗೆ ಬೈದರು. ನಾನು ನಕ್ಕುಬಿಟ್ಟೆ. ಅವರು ನಗಿಸಬಲ್ಲರು ಎಂಬುದನ್ನು ಮರೆತೇಬಿಟ್ಟಿದ್ದೆ. ಮದುವೆಯಾದ ಹೊಸದರಲ್ಲಿ ನಗಿಸುತ್ತಿದ್ದರು.

ಹೊರಗೆ ಮರದಲ್ಲಿ ಕೋಗಿಲೆ ಕೂಗುತ್ತಿತ್ತು, ಫೋನಿನೊಳಗೂ ಕೂಗುತ್ತಿತ್ತು. ಯಾವುದು ಈಗಿನದು, ಯಾವುದು ಹೋದ ವರ್ಷದ್ದು ಎಂದು ಕಿವಿಗೊಟ್ಟು ನೋಡಿದೆ. ಆಮೇಲೆ ನೋಡುವುದನ್ನು ಬಿಟ್ಟೆ.

"ಈಗ ಏಳಿ" ಎಂದರು. ಬೆನ್ನ ಹಿಂದೆ ನಿಮ್ಮೆಲ್ಲರ ಕುರ್ಚಿಗಳ ಸದ್ದಾಯಿತು. "ಮುಂದಿನ ಕುರ್ಚಿಯವರು ಅವಸರ ಮಾಡ್ಬೇಡಿ" ಎಂದರು. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನಿಮ್ಮ ತಮ್ಮನವರ ಮಾತೂ ಬಂತು. ಪಾಪ, ಅವರು ಗೋಡೆಯ ಕಡೆಗೆ ತಿರುಗಿ ನಿಂತಿದ್ದರು. ಅವರಿಗೆ ಹೇಳಿ, ನನಗೆ ಬೇಸರವಿಲ್ಲ. ಅಂದು ಅಲ್ಲಿ ಯಾರೂ ಇರಲಿಲ್ಲ, ಅದು ನಿಜವೇ.

ಆಮೇಲೆ ಅವರು ಸುಮ್ಮನಾದರು.

ಆ ಮೌನ ಏನೆಂದು ಕೇಳಿದ್ದಿರಿ. ನನಗೆ ಗೊತ್ತು. ಮನೆಯಲ್ಲಿ ನಾನು ಕುರ್ಚಿಯಿಂದ ಏಳುವಾಗಲೆಲ್ಲ ಅವರು ಬಾಗಿಲ ಹತ್ತಿರ ಹೀಗೇ ಸುಮ್ಮನೆ ನಿಲ್ಲುತ್ತಿದ್ದರು. ಕೈ ಕೊಟ್ಟರೆ ನಾನು ಬೈಯುತ್ತೇನೆ, ಹೊರಟುಹೋದರೆ ನಾನು ಬಿದ್ದೇನು. ಹಾಗಾಗಿ ಏನೂ ಅನ್ನದೆ ನಿಲ್ಲುವುದು. ಅದು ಮುನಿಸು ಎಂದೇ ನಾನು ತಿಳಿದಿದ್ದೆ. ಮೊನ್ನೆ ಆ ಮೌನದೊಳಗೆ ಕೂತಾಗ ಗೊತ್ತಾಯಿತು, ನಾನು ಏಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವರು ನಿಂತಿದ್ದರು. ಶ್ರಾವಣದ ಆ ದಿನ ಅವರ ಬಳಿ ಅಷ್ಟು ಹೊತ್ತು ಇರಲಿಲ್ಲ. ಇದ್ದಾಗ, ಅದನ್ನು ಮೊದಲೇ ನಿಮ್ಮಲ್ಲಿ ತೆಗೆದಿಟ್ಟು ಹೋಗಿದ್ದರು.

ಮನೆಯಲ್ಲಿ ಈಗ ಬೇಗ ಏಳುತ್ತೇನೆ. ಅಂದು ಮಾತ್ರ ಹಳೆಯ ಹಾಗೇ ಆಯಿತು. ಮೊದಲ ಸಲ ಆಗಲಿಲ್ಲ. ಪಾದ ಹಿಂದಕ್ಕೆಳೆದುಕೊಂಡೆ, ಮೂಗು ಮುಂದಕ್ಕೆ ತಂದೆ. ಕೈ ಊರಲಿಲ್ಲ. "ಬಂದೆ" ಎಂದೆ, ನಿಮಗೆ ಕೇಳಿಸಿತೋ ಏನೋ. ಎದ್ದೆ. ಬೆನ್ನು ನೆಟ್ಟಗಾಯಿತು. ಆಗ ಅವರ ದನಿ ಬಂತು, ನೀವು ಬರೆಯದೆ ಬಿಟ್ಟಿದ್ದು.

"ಹಾಂ. ಬಂದ್ರಲ್ಲ, ಸಾಕು. ಎಲ್ಲರೂ ಕೂತ್ಕೊಳಿ."

ನೀವೆಲ್ಲ ಕೂತಿರಿ. ನನಗೆ ಕೂರುವ ಮನಸ್ಸಾಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.

ನಿಮ್ಮ,
ಸಿದ್ದಗಂಗಮ್ಮ